ಮುಂದಿನ ಗಾಲಿಗಳ ಏಕೀಕರಣ

ಮನೆತನದಲ್ಲಿ ಮೊದಲನೆಯವನಾಗಿ ಬಿ.ಎ. ಮಾಡಬಾರದು. ಮಾಡಲೇಬೇಕೆಂದಿದ್ದರೆ ಎರಡನೆಯವನಾಗಿ ಮಾಡಬೇಕು. ಮೊದಲನೆಯವನಿಗೆ ಗೊತ್ತಿಲ್ಲದ್ದು ಲೋಕದಲ್ಲಿ ಏನೂ ಇರಕೂಡದೆಂದು ಬಂಧುಬಳಗ ತೀರ್ಮಾನಿಸಿಬಿಟ್ಟಿರುತ್ತದೆ. ನನ್ನೂರು ಹಲಬರ್ಗಾದ ಕೆಸರು ತುಳಿದು ಭಾಲ್ಕಿಯಲ್ಲಿ ಓದಿ, ಹೈದರಾಬಾದಿನಲ್ಲಿ ಪರರ ಪಡಸಾಲೆಯಲ್ಲಿ ಮಲಗಿ ನಾನು ಪಾಸು ಮಾಡಿದ್ದು ಇತಿಹಾಸ ಮತ್ತು ಪಾರಸಿ. ಆದರೂ ಊರಿಗೆ ಹೋದರೆ ಎಮ್ಮೆ ಯಾಕೆ ಹಾಲು ಬತ್ತಿಸಿಕೊಂಡಿತು, ಬಾವಿ ಎಲ್ಲಿ ತೋಡಬೇಕು ಎಂದು ನನ್ನನ್ನೇ ಕೇಳುವರು. ನಾನೂ ಹೇಳುತ್ತಿದ್ದೆ. 'ಗೊತ್ತಿಲ್ಲ' ಎಂದರೆ ಅಪ್ಪನ ಮುಖ ಸಪ್ಪಗಾಗುತ್ತಿತ್ತು. ಅದನ್ನು ನೋಡುವುದಕ್ಕಿಂತ ಬಾವಿಯಲ್ಲಿ ನೀರಿನ ಬದಲು ಬರೀ ಕಲ್ಲು ಬಿದ್ದರೂ ವಾಸಿ ಅನಿಸುತ್ತಿತ್ತು. ಬಿದ್ದದ್ದೂ ಅದೇ.

ಹೀಗಿರುವಾಗ ನನ್ನಾಕೆ ಚೊಚ್ಚಲ ಬಾಣಂತನಕ್ಕೆ ತವರಿಗೆ, ಔರಾದ ತಾಲೂಕಿನ ಗಡಿಯಂಚಿನ ಡಾಬಕಾಕ್ಕೆ, ಹೋಗಿದ್ದಳು. ನಾನು ಬೀದರಿನ ಚಿದ್ರಿಯ ಬಾಡಿಗೆ ಮನೆಯಲ್ಲಿ ನಾನೇ ಸುಟ್ಟ ಕರಕು ರೊಟ್ಟಿ ತಿನ್ನುತ್ತ ದಿನ ದೂಡುತ್ತಿದ್ದೆ. ನಮ್ಮಲ್ಲಿ ಕೂಸು ಐದನೇ ತಿಂಗಳಲ್ಲಿ ತಂದೆಯ ಮನೆ ಸೇರಬೇಕು. ಆರನೆಯದರಲ್ಲಿ ಕಳಿಸುವ ಪದ್ಧತಿಯಿಲ್ಲ. ಅದು ತಪ್ಪಿದರೆ ಏಳಕ್ಕೇ. ಐದನೆಯದು ಮುಗಿಯುತ್ತ ಬಂದಿತ್ತು. ಮಳೆ ಹಿಡಿದು ಕರಿಮಣ್ಣಿನ ಹಾದಿ ನಾದಿದ ಹಿಟ್ಟಿನಂತಾಗಿತ್ತು. ಎತ್ತಿನ ಬಂಡಿ ಓಡಾಡುತ್ತಿತ್ತು, ನಿಜ. ಆದರೆ "ಬಿ.ಎ. ಅಳಿಯನ ಮಗ ಬಂಡ್ಯಾಗ ಹೋಗೋದೇನ್ರಿ?" ಎಂದರು ಮಾವ. ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಮಾವನ ಹತ್ತಿರ ಮಿಲಿಟರಿ ಹರಾಜಿನಲ್ಲಿ ಹಿಡಿದ ಟ್ರಕ್ಕೊಂದಿತ್ತು. ಹಿಂದಿನ ಗಾಲಿಗಳಂತೆ ಮುಂದಿನವಕ್ಕೂ ಎಂಜಿನ್ನಿನ ಜೋರು ಸಿಗುವ ಜಾತಿ; ಕೆಸರಿಗೆಂದೇ ಹುಟ್ಟಿದ್ದು. ಆದರೆ ಆ ಜೋರನ್ನು ಎಡಬಲದ ಗಾಲಿಗಳಿಗೆ ಹಂಚಲು ಮುಂದಿನ ಅಚ್ಚಿನ ನಡುವೆ ಕುಂಬಳಕಾಯಿ ಗಾತ್ರದ ಗಡ್ಡೆಯೊಂದಿರುತ್ತದೆ, ಡಿಫರೆನ್ಷಿಯಲ್ ಎಂದು. ಅದು ಹಲ್ಲು ಮುರಿದುಕೊಂಡು ಕೂತಿತ್ತು. "ನೀವು ಓದಿದವ್ರು. ಚಲೋದೊಂದು ಆರಿಸಿ ತರ್ರಿ, ಮಗಳಿಗಿ ಮರುದಿನಾನೇ ಕಳಸ್ತೇನಿ" ಎಂದು ಮಾವ ಹೇಳಿಕಳಿಸಿದರು. ಹೆಂಡತಿ ಮಗನ ಮುಖ ಕಾಣುವುದು ಹೀಗೆ ಒಂದು ಕಬ್ಬಿಣದ ಗಡ್ಡೆಯ ಮೇಲೆ ನಿಂತಿತು.

ಬೀದರಿನಲ್ಲಿ ಗಾಡಿ ರಿಪೇರಿಯ ಚಾಂದ ಮೇಸ್ತ್ರಿ ಎಂಬವನ ಕೊಟ್ಟಿಗೆಯಲ್ಲಿ ಅಂಥ ಎರಡು ಗಡ್ಡೆಗಳಿದ್ದವು. ಒಂದು ಸಾದಾ. ಗಾಡಿ ತಿರುಗುವಾಗ ಹೊರಗಿನ ಗಾಲಿ ಹೆಚ್ಚು, ಒಳಗಿನದು ಕಡಿಮೆ ಓಡಲು ಬಿಡುತ್ತದೆ. ಆದರೆ ಒಂದು ಗಾಲಿ ಕೆಸರಲ್ಲಿ ಜಾರಿತೋ, ಅದೊಂದೇ ಗರಗರ ಸುತ್ತುತ್ತದೆ. ಇನ್ನೊಂದು ಬೀಗರಂತೆ ಸುಮ್ಮನೆ ನಿಂತು ನೋಡುತ್ತದೆ. ಎರಡನೆಯದರಲ್ಲಿ ಯಾರೋ ಒಳಗಿನ ಹಲ್ಲುಗಳನ್ನೆಲ್ಲ ಬೆಸುಗೆ ಹಾಕಿ ಒಂದು ಮಾಡಿದ್ದರು. ಉರುಳಿದರೆ ಎರಡೂ ಗಾಲಿ ಒಟ್ಟಿಗೇ ಉರುಳಬೇಕು.

"ಯಾವ್ದು ಚಲೋ, ಮೇಸ್ತ್ರಿ?"

"ದೋನೋ ಚಲೋ ಅದಾವ್ರಿ ಸಾಹೇಬ್ರ. ಒಯ್ದವ್ರು ಯಾರೂ ಇನ್ನಾ ಹೊಳ್ಳಿ ಬಂದಿಲ್ಲ."

ಇದನ್ನು ನಾನು ಹೊಗಳಿಕೆ ಎಂದುಕೊಂಡೆ. ಆಗಷ್ಟೇ ನಮ್ಮ ಜಿಲ್ಲೆ ಹೈದರಾಬಾದಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದ್ದ ಕಾಲ. ಒಂದಾಗುವುದರ ಮೇಲೆ ನಾನೇ ನಾಲ್ಕಾರು ಸಭೆಗಳಲ್ಲಿ ಭಾಷಣ ಬಿಗಿದು ಚಪ್ಪಾಳೆ ತಿಂದಿದ್ದೆ. ಎಡಪಡೆ ಒಂದು ದಿಕ್ಕು, ಬಲಪಡೆ ಒಂದು ದಿಕ್ಕು ಹಿಡಿದು ಹಾಳಾದ ಸುಲ್ತಾನರ ಕಥೆ ನನಗೆ ಬಾಯಿಪಾಠ. "ಎರಡೂ ಗಾಲಿ ಒಗ್ಗಟ್ಟಿನಿಂದ ನಡೀಬೇಕು" ಎಂದು ಬೆಸುಗೆಯ ಗಡ್ಡೆಯನ್ನೇ ಆರಿಸಿದೆ. ಮೇಸ್ತ್ರಿ ಅದನ್ನು ಔರಾದದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ನನ್ನ ಜೊತೆ ಬಂದು ಮಾವನ ಅಂಗಳದಲ್ಲೇ ಕೂಡಿಸಿ, ಅದೇ ಬಂಡಿಯಲ್ಲಿ ಜಾಗ ಖಾಲಿ ಮಾಡಿದ.

ಮರುದಿನ ಬೆಳಿಗ್ಗೆ ಊರೇ ನಿಂತು ನಮ್ಮನ್ನು ಬೀಳ್ಕೊಟ್ಟಿತು. ಟ್ರಕ್ಕು ಕೆಸರು ಸೀಳಿಕೊಂಡು ಹೊರಟ ಗತ್ತಿಗೆ ನನ್ನ ಕಣ್ಣು ತುಂಬಿ ಬಂತು. ಓಡಿಸುತ್ತಿದ್ದವನು ಹೆಂಡತಿಯ ತಮ್ಮ ಬಸವರಾಜ. ಊರ ಹೊರಗೆ ಹಾದಿ ಒಡೆಯುತ್ತದೆ: ಬಲಕ್ಕೆ ಹೊರಳಿದರೆ ಔರಾದ, ನೆಟ್ಟಗೆ ಹೋದರೆ ಗಡಿ.

"ಏ ಬಸು, ಔರಾದ ಹಾದಿ ಅಕಡಿ ಉಳೀತಲ್ಲೋ!" ಎಂದಳು ನನ್ನಾಕೆ.

"ನಾ ತಿರುಗಿಸ್ಲತ್ತೀನಿ ಅಕ್ಕಾ! ಇದೇ ಒಲ್ಲೆ ಅಂತದ."

"ಹಂಗಾದ್ರ ನಿಲ್ಲಿಸು!"

"ನಿಂತ್ರ ಕೆಸರಾಗ ಹುಗಿತದ. ದಾಜಿ, ಏನರೆ ಹೇಳ್ರಿ, ನೀವು ಬಿ.ಎ. ಇದ್ದೀರಿ!"

ಅಕ್ಕನ ಗಂಡನೆಂಬ ಸಲಿಗೆಯಿಂದ 'ದಾಜಿ' ಎಂದು ಕರೆದು ಅವನು ಕೇಳಿದಾಗಲೂ ನನಗೆ ನೆನಪಾದವರು ಸುಲ್ತಾನರೇ. ಎರಡು ಗಾಲಿಗಳು ಎಷ್ಟು ಒಗ್ಗಟ್ಟಾಗಿದ್ದವೆಂದರೆ ಸ್ಟೀರಿಂಗಿನ ಮಾತನ್ನು ಎರಡೂ ಕೇಳಲಿಲ್ಲ. ಒಂದಾಗುವುದರ ಬಗ್ಗೆ ಅಷ್ಟು ಕೂಗಿದ ನಾನು ಸಂಸಾರ ಸಮೇತ ಮೈಸೂರು ರಾಜ್ಯ ದಾಟಿ ಮುಂಬಯಿ ರಾಜ್ಯ ಹೊಕ್ಕೆ. ಟ್ರಕ್ಕು ಕೊನೆಗೆ ಒಂದು ಗಟ್ಟಿ ನೆಲದ ಬಯಲು ಕಂಡು, ಅದನ್ನೆಲ್ಲ ಬಳಸಿ ಒಂದು ಸುತ್ತು ಹಾಕಿ, ಬಂದ ಹಾದಿಗೆ ಮುಖ ಮಾಡಿ ನಿಂತಿತು. ಅದು ನನ್ನಾಕೆಯ ಸೋದರತ್ತೆಯ ಊರು.

"ಕೂಸಿಗಿ ತೋರಿಸ್ಲಾಕ ಬಂದ್ಯಾ ಯವ್ವಾ? ಇರು, ತಿಂಗಳ ಇದ್ದು ಹೋಗು" ಎಂದು ಅತ್ತೆ ಹಿಗ್ಗಿದಳು.

"ನಾಳಿಗಿ ಐದು ಮುಗೀತಾವ್ರಿ ಅತ್ತಿ. ಇವತ್ತು ಮನಿ ಮುಟ್ಟಲಿಲ್ಲಂದ್ರ ಏಳರ ತನಕಾ ಇಲ್ಲೇ ಗತಿ. ನಿಮ್ಮ ಬಂಡಿ ಕಟ್ಟಸ್ರಿ" ಎಂದಳು ನನ್ನಾಕೆ. ಔರಾದದವರೆಗೆ ಬಂಡಿ, ಅಲ್ಲಿಂದ ಬಸ್ಸು. ನನ್ನ ಕಡೆ ತಿರುಗಿಯೂ ನೋಡದೆ ಕೂಸನ್ನು ಎತ್ತಿಕೊಂಡು ಬಂಡಿ ಹತ್ತಿದಳು. ಅತ್ತೆ ಜೊತೆಗೆ ಕೂತಳು. ನಾನೂ ಹತ್ತಲು ಕಾಲೆತ್ತಿದೆ.

"ದಾಜಿ, ಆರಿಸಿದವ್ರು ನೀವು. ನನಗೊಬ್ಬನಿಗೇ ಇದ್ರಾಗ ಬಿಟ್ಟು ಹೋಗ್ತೀರೇನು?" ಎಂದ ಬಸವರಾಜ.

ಎತ್ತಿದ ಕಾಲನ್ನು ಟ್ರಕ್ಕಿನೊಳಗೆ ಇಟ್ಟೆ. ಬಂಡಿ ಮುಂದೆ, ನಾವು ಹಿಂದೆ. ಹಾದಿ ಒಡೆಯುವಲ್ಲಿ ಎತ್ತುಗಳು ಹಗ್ಗ ಜಗ್ಗುವ ಮೊದಲೇ ಔರಾದದ ಕಡೆ ಹೊರಳಿದವು. ನಾವು ಹೊರಳಲಿಲ್ಲ. ನೆಟ್ಟಗೆ ಬಂದು ಮಾವನ ಅಂಗಳದಲ್ಲೇ ನಿಂತೆವು.

ಅಳಿಯ, ಮಗ ಇಬ್ಬರೇ ಇಳಿದದ್ದು ಕಂಡು ಮಾವ ಗಾಬರಿಯಾದರು. "ನನ್ನ ಮಗಳು ಎಲ್ಲ್ಯದಾಳ್ರಿ?"

"ಗಂಡನ ಮನಿಗಿ ಹೋದಳ್ರಿ" ಎಂದೆ. ಆ ಮನೆಯ ಬೀಗದ ಕೈ ನನ್ನ ಜೇಬಿನಲ್ಲಿತ್ತು.