ಅರ್ಧ ಅಡುಗೆಯ ನಾದಿನಿ

ಕುವೈತಿನ ಅರ್ಧ ಜನರನ್ನು ಮಲಗಿಸಿದವಳು ನನ್ನ ನಾದಿನಿ. ಹೆದರಬೇಡಿ, ಎಲ್ಲರನ್ನೂ ಮತ್ತೆ ಎಬ್ಬಿಸಿಯೂ ಇದ್ದಾಳೆ! ಆಪರೇಷನ್‌ಗೆ ಮೊದಲು ಮದ್ದು ಕೊಟ್ಟು ಮತ್ತು ಬರಿಸುವ ನರ್ಸ್ ಅವಳು. ಡಾಕ್ಟರ ಪಕ್ಕದಲ್ಲಿ, ರೋಗಿಯ ತಲೆಯ ಹತ್ತಿರ ನಿಲ್ಲುವ ಕೆಲಸ. ಕೊಯ್ಯುವ ಡಾಕ್ಟರಿಗೆ ಹೊಟ್ಟೆ ಮಾತ್ರ ಕಾಣುತ್ತದೆ, ತನಗಾದರೆ ಮುಖ ಕಾಣುತ್ತದೆ ಎಂದು ಅವಳಿಗೆ ಜಂಬ. ಕಪ್ಪು ಜಡೆ ಇಳಿಬಿಟ್ಟು ಇಲ್ಲಿಗೆ ಬಂದವಳು, ಬಿಳಿ ತುರುಬು ಕಟ್ಟಿಕೊಂಡು ಹೊರಡುವವರೆಗೂ ಜನರನ್ನು ಮಲಗಿಸಿದಳು. ಇಷ್ಟೆಲ್ಲ ಮಾಡಿ ಕಲಿತದ್ದೇನು ಎಂದು ಕೇಳಿ ನೋಡಿ. ಅರ್ಧ ಅಡುಗೆ!

ಅವಳು ಕೆಲಸ ಬಿಟ್ಟು ಊರಿಗೆ ಹೊರಡುವ ಹೊತ್ತಿಗೆ ನನ್ನ ಪಿತ್ತಕೋಶದ ಕಲ್ಲಿನ ವಿಷಯದಲ್ಲಿ ನಮಗಿಬ್ಬರಿಗೂ ದೊಡ್ಡ ಜಗಳವಾಯಿತು. ಆ ಜಗಳ ಹೇಳಬೇಕಾದರೆ ಮೊದಲು ಅವಳ ಅಡುಗೆಯ ವಿಷಯ ಹೇಳಬೇಕು.

ಮತ್ತು ಬರಿಸುವಾಗ ರೋಗಿಗಳ ಹತ್ತಿರ ಒಂದು, ಎರಡು ಎಂದು ಎಣಿಸಲು ಹೇಳುವುದು ಎಲ್ಲ ಕಡೆಯ ಪದ್ಧತಿಯಂತೆ. ನನ್ನ ನಾದಿನಿಗೆ ಅದು ಆಗುವುದಿಲ್ಲ. ಗಲ್ಫಿಗೆ ಬಂದವನ ಹತ್ತಿರ ಲೆಕ್ಕ ಹೇಳಿಸಿದರೆ ಬರುವ ನಿದ್ರೆಯೂ ಓಡಿಹೋಗುತ್ತದೆ ಎಂದು ಅವಳ ವಾದ. ಅದಕ್ಕೆ ಅವಳು, ನಿಮ್ಮ ಮನೆಯಲ್ಲಿ ಒಳ್ಳೆಯ ಅಡುಗೆ ಯಾವುದು, ಹೇಗೆ ಮಾಡುತ್ತೀರಿ ಎಂದು ಕೇಳುತ್ತಾಳೆ. ಭಯದಿಂದ ನಡುಗುತ್ತಿದ್ದವರು ಕೂಡ ಅಡುಗೆಯ ಮಾತು ಬಂದರೆ ನಡುಗುವುದನ್ನು ಮರೆತು ಈರುಳ್ಳಿ ಹೆಚ್ಚತೊಡಗುತ್ತಾರಂತೆ. ಈರುಳ್ಳಿ ಕೆಂಪಾಗುವಷ್ಟರಲ್ಲಿ ಗೊರಕೆ!

ಎದ್ದ ಮೇಲೆ ಉಳಿದದ್ದನ್ನು ಕೇಳಬಹುದಲ್ಲ ಎನ್ನುತ್ತೀರಾ? ನಾನೂ ಹಾಗೆಯೇ ಕೇಳಿದೆ. ಕಣ್ಣು ಬಿಟ್ಟವರನ್ನು ಪಕ್ಕದ ಕೋಣೆಯ ನರ್ಸಿಗೆ ಒಪ್ಪಿಸಿ ಇವಳು ಮುಂದಿನವರ ಈರುಳ್ಳಿಗೆ ಓಡಬೇಕು. ಹಾಗಾಗಿ ಈಜಿಪ್ಟಿನವರದು, ಫಿಲಿಪ್ಪೀನಿನವರದು, ಕೇರಳದವರದು, ಯಾರ ಅಡುಗೆ ಬೇಕಾದರೂ ಕೇಳಿ, ಅವಳಿಗೆ ಗೊತ್ತು. ಒಗ್ಗರಣೆಯವರೆಗೆ.

ಗೊತ್ತಿದ್ದು ಸುಮ್ಮನಿದ್ದರೆ ಚಿಂತೆಯಿರಲಿಲ್ಲ. ವಾರವಿಡೀ ನರ್ಸ್‌ಗಳ ಹಾಸ್ಟೆಲಿನಲ್ಲಿದ್ದು, ಶುಕ್ರವಾರ ರಜೆಯೆಂದು ರಿಗ್ಗೈಯ ನಮ್ಮ ಫ್ಲ್ಯಾಟಿಗೆ ಬಂದು ನನ್ನ ಅಡುಗೆಮನೆ ಹೊಕ್ಕುಬಿಡುತ್ತಿದ್ದಳು. ಒಮ್ಮೆ ರುಮೈಥಿಯಾದ ಒಬ್ಬ ಕುವೈತಿ ಅಜ್ಜಿ ಮಚ್ಬೂಸ್ ಮಾಡುವುದನ್ನು ಹೇಳಿಕೊಟ್ಟರೆಂದು ಇವಳಿಗೆ ಸಂಭ್ರಮ. ಮಚ್ಬೂಸ್ ಎಂದರೆ ಇಲ್ಲಿಯವರ ಬಿರಿಯಾನಿ ಎಂದಿಟ್ಟುಕೊಳ್ಳಿ. ಮಾಂಸ ಬಂತು, ಒಣಗಿದ ನಿಂಬೆಹಣ್ಣು ಬಂತು, ಮಸಾಲೆಯ ಪರಿಮಳ ಮೂರನೆಯ ಮಹಡಿಯವರೆಗೆ ಹೋಯಿತು. ಬಡಿಸುವಾಗ ನೋಡಿದರೆ ತಟ್ಟೆಯಲ್ಲಿ ಮಾಂಸ ಮತ್ತು ನೀರು.

"ಅನ್ನ ಎಲ್ಲಿ ಮಾರಾಯ್ತಿ?" ಎಂದೆ.

"ಆ ಅಜ್ಜಿ ಅಕ್ಕಿ ತೊಳೆಯುವ ಮೊದಲೇ ಮಲಗಿದರು ಅತ್ತಿಗೆ" ಎಂದಳು, ತಪ್ಪೆಲ್ಲ ಆ ಅಜ್ಜಿಯದೇ ಎಂಬಂತೆ.

ಮೊಬೈಲಿನಲ್ಲಿ ನೋಡಿದರೆ ಉಳಿದರ್ಧ ಸಿಗುತ್ತದೆ ಎಂದು ಮೊಮ್ಮಗಳು ಇಂಗ್ಲಿಷಿನಲ್ಲಿ ಬುದ್ಧಿ ಹೇಳಿದಳು. ಇವಳು ಒಪ್ಪಬೇಕಲ್ಲ? ಮೊಬೈಲಿನಲ್ಲಿರುವುದು ಬೇರೆ ಯಾರದೋ ಮಚ್ಬೂಸ್, ತಾನು ಮಲಗಿಸಿದ ಅಜ್ಜಿಯದಲ್ಲ ಎಂದು ಹಟ. ಗಂಟೆ ಎರಡಾಗಿತ್ತು. ನಾನು ಅನ್ನಕ್ಕಿಟ್ಟೆ.

ನಮ್ಮ ಕಡೆ ಎದುರು ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುತ್ತೇವೆ. ಆಯ್ತು ಎಂದರೆ ಮುಗಿಯಿತು, ಯಾರೂ ವಿಚಾರಣೆ ಮಾಡುವುದಿಲ್ಲ. ಇವಳು ಹಾಗಲ್ಲ, ಮಲಗಿಸುವ ಮೊದಲು ರೋಗಿಗಳನ್ನು ಕೇಳುವುದನ್ನೆಲ್ಲ ಎದುರು ಸಿಕ್ಕವರನ್ನೂ ಕೇಳುತ್ತಾಳೆ. ಯಾವಾಗ ಆಯ್ತು, ಗಟ್ಟಿ ಪದಾರ್ಥವೋ ಗಂಜಿಯೋ, ಆಮೇಲೆ ನೀರು ಕುಡಿದಿರಾ, ಹಲ್ಲಿನ ಸೆಟ್ಟು ಕಟ್ಟಿಸಿದ್ದೋ ಸ್ವಂತದ್ದೋ! ನಮ್ಮವರ ಸತ್ಯನಾರಾಯಣ ಪೂಜೆಗೆ ಹೋದರೆ ಹೆಂಗಸರು ಇವಳನ್ನು ಕಂಡು ಪ್ರಸಾದದ ದೊನ್ನೆಯನ್ನು ಸೆರಗಿನ ಹಿಂದೆ ಅಡಗಿಸುತ್ತಿದ್ದರು.

ನನ್ನ ಮಗಳನ್ನು ನೋಡಲು ಗಂಡಿನವರು ಬಂದ ದಿನದ ಸಂಗತಿ ಕೇಳಿ. ಹುಡುಗ ಕುವೈತ್ ಸಿಟಿಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದ, ಪಾಪದವನು. ನಾವು ಕುಲ, ಗೋತ್ರ, ಸಂಬಳ ಎಂದು ಕೇಳುತ್ತಿದ್ದರೆ ಇವಳು ಅವನ ಎದುರು ಕುರ್ಚಿ ಎಳೆದುಕೊಂಡು ಕೂತು, ಬಾಯಿ ದೊಡ್ಡದಾಗಿ ತೆರೆಯಿರಿ ಎಂದಳು. ಹುಡುಗ ಹಲ್ವ ತಿನ್ನಿಸುತ್ತಾರೆಂದು ತೆರೆದೇಬಿಟ್ಟ. ಇವಳು ಒಳಗೆ ಇಣುಕಿದಳು. ಗಲ್ಲ ಎತ್ತಿಸಿದಳು. ಕತ್ತು ಎಡಕ್ಕೆ ಬಲಕ್ಕೆ ತಿರುಗಿಸಿದಳು. ಆಮೇಲೆ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು. "ಹುಡುಗ ಒಳ್ಳೆಯವ ಅತ್ತಿಗೆ. ಆದ್ರೆ ಕತ್ತು ಗಿಡ್ಡ ಉಂಟು. ಮಲಗಿಸುವಾಗ ಗಂಟಲಿಗೆ ಟ್ಯೂಬ್ ಹಾಕ್ಲಿಕ್ಕೆ ತ್ರಾಸ."

ಗಂಟಲಿಗೆ ಟ್ಯೂಬ್ ಹಾಕಲು ಯಾರು ಮದುವೆ ಮಾಡುತ್ತಾರೆ ಹೇಳಿ! ಮದುವೆ ಆಯಿತು. ಫೋಟೋಗಳಲ್ಲಿ ಇವಳು ಪಕ್ಕದಲ್ಲಿ ನಿಂತ ಕಡೆಯೆಲ್ಲ ಅಳಿಯ ತುಟಿ ಬಿಗಿದುಕೊಂಡೇ ನಿಂತಿದ್ದಾನೆ. ಈಗ ನಾನಿರುವುದು ಅವನ ಮನೆಯಲ್ಲೇ. ಒಳ್ಳೆಯ ಮನುಷ್ಯ. ಕತ್ತು ಮಾತ್ರ ನಿಜವಾಗಿಯೂ ಗಿಡ್ಡ.

ಇನ್ನು ನನ್ನ ಕಲ್ಲಿನ ವಿಷಯ. ಹೊಟ್ಟೆನೋವು ತಡೆಯಲಾರದೆ ಆಸ್ಪತ್ರೆಗೆ ಹೋದರೆ, ಕಲ್ಲು ಬೆಳೆದಿದೆ, ಬೇಗ ತೆಗೆಯದಿದ್ದರೆ ಜೀವಕ್ಕೆ ಅಪಾಯ ಎಂದರು ಡಾಕ್ಟರು. ಈ ಪ್ರಾಯದಲ್ಲಿ ಮಲಗಿದವಳು ಏಳುತ್ತೇನೋ ಇಲ್ಲವೋ ಎಂಬ ಭಯ ನನಗೆ. ಮತ್ತಿನಲ್ಲಿ ಅಳಿಯನ ಅಮ್ಮನ ಬಗ್ಗೆ ಏನಾದರೂ ಬಾಯಿ ತಪ್ಪಿ ಹೇಳಿಬಿಟ್ಟರೆ ಎಂಬ ಭಯವೂ ಇತ್ತು. ಅದಕ್ಕೆ ಒಂದೇ ಮಾತು ಹೇಳಿದೆ: ನಾದಿನಿ ಮಲಗಿಸುವುದಾದರೆ ಮಲಗುತ್ತೇನೆ, ಇಲ್ಲದಿದ್ದರೆ ಕಲ್ಲು ನನ್ನ ಜೊತೆಗೇ ಇರಲಿ. ಅವಳ ಕೆಲಸ ಆ ತಿಂಗಳಿಗೆ ಖಲಾಸ್. ಕೆಲಸ ಮುಗಿದರೆ ಇಲ್ಲಿರಲು ಕೊಟ್ಟ ಪರವಾನಗಿ, ಇಕಾಮಾವೂ ಮುಗಿಯಿತು, ಊರಿಗೆ ಟಿಕೆಟ್ ಆಗಿತ್ತು.

ಊರಿನವರನ್ನೆಲ್ಲ ಮಲಗಿಸಿದವಳು ನನ್ನನ್ನು ಮಲಗಿಸಲು ಆಗುವುದಿಲ್ಲ ಎಂದುಬಿಟ್ಟಳು!

ಎಂತದಕ್ಕೆ ಆಗುವುದಿಲ್ಲ, ನನ್ನ ಕತ್ತೂ ಗಿಡ್ಡವಾ ಎಂದು ರೇಗಿದೆ. ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. "ಮನೆಯವರನ್ನು ಮಲಗಿಸ್ಲಿಕ್ಕೆ ಕೈ ನಡುಗ್ತದೆ ಅತ್ತಿಗೆ" ಎಂದಳು.

ಅದು ಯಾಕೆಂದು ನನಗೆ ಗೊತ್ತು. ನನ್ನ ಗಂಡ, ಅವಳ ಅಣ್ಣ, ಇದೇ ರಿಗ್ಗೈಯಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ನಿದ್ರೆಯಿಂದ ಏಳಲೇ ಇಲ್ಲ. ಮತ್ತೂ ಇಲ್ಲ, ಮದ್ದೂ ಇಲ್ಲ, ಸುಮ್ಮನೆ ಮಲಗಿದವರು. ಅವಳು ಚಪ್ಪಲಿ ಕೂಡ ಕಳಚದೆ ಒಳಗೆ ಓಡಿ, ಎದೆ ಒತ್ತಿ, ಗಲ್ಲ ಹಿಡಿದು, ಕಣ್ಣು ಬಿಡು ಅಣ್ಣ, ಕಣ್ಣು ಬಿಡು ಎಂದು ಕರೆದಳು. ಆಸ್ಪತ್ರೆಯಲ್ಲಿ ರೋಗಿಗಳನ್ನು ಎಬ್ಬಿಸುವುದೂ ಅದೇ ಮಾತಿನಿಂದ. ಆಂಬುಲೆನ್ಸ್ ಬರುವವರೆಗೂ ಕರೆಯುತ್ತಲೇ ಇದ್ದಳು.

ಗೊತ್ತಿದ್ದೂ ನಾನು ಹಟ ಬಿಡಲಿಲ್ಲ, ಅವಳು ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟಳು. ನಾಲ್ಕನೆಯ ದಿನ ಫೋನ್ ಮಾಡಿ, ಮದ್ದು ಬೇರೆಯವರು ಕೊಡುತ್ತಾರೆ, ತಲೆಯ ಹತ್ತಿರ ತಾನು ನಿಲ್ಲುತ್ತೇನೆ, ಡಾಕ್ಟರನ್ನು ಒಪ್ಪಿಸಿ ಆಗಿದೆ ಎಂದಳು. ಕೂಡಲೇ, ಊಟ ಯಾವಾಗ ಆಯ್ತು ಎಂದು ಕೇಳಿದಳು.

ಆಪರೇಷನ್ ಕೋಣೆಯಲ್ಲಿ ಚಳಿಯೆಂದರೆ ಚಳಿ. ಈಜಿಪ್ಟಿನ ಡಾಕ್ಟರು ಯಲ್ಲಾ, ಶುರು ಮಾಡುವ ಎಂದರು. ತಲೆಯ ಮೇಲಿನಿಂದ ಅವಳ ಮುಖ ತಲೆಕೆಳಗಾಗಿ ಕಂಡಿತು.

"ಅತ್ತಿಗೆ, ಬಂಗುಡೆ ಪುಳಿಮುಂಚಿ ಹೇಗೆ ಮಾಡುವುದು ಹೇಳಿ."

"ವಾರ ವಾರ ನನ್ನ ಮನೆಯಲ್ಲಿ ತಿಂದವಳಿಗೆ ಗೊತ್ತಿಲ್ವಾ?"

"ಗೊತ್ತುಂಟು. ಆದ್ರೂ ಹೇಳಿ."

ನನಗೂ ಹಟ ಬಂತು. ಇವಳ ಜನ್ಮದಲ್ಲಿ ಒಂದು ಅಡುಗೆಯನ್ನಾದರೂ ಪೂರ್ತಿ ಹೇಳಿ ಮುಗಿಸಿಯೇ ಮಲಗುತ್ತೇನೆ ಎಂದು ಓಡುವ ಬಸ್ಸು ಹಿಡಿಯುವವಳಂತೆ ಹೇಳತೊಡಗಿದೆ. ಮೆಣಸು ಹುರಿದೆ, ಕೊತ್ತಂಬರಿ ಹುರಿದೆ, ಮೆಂತೆ, ಓಮ, ಹುಳಿ ಹಾಕಿ ರುಬ್ಬಿದೆ, ಮಣ್ಣಿನ ಪಾತ್ರೆಯಲ್ಲಿ ಮಸಾಲೆ ಕುದಿಯಲಿಟ್ಟೆ. ಮಸಾಲೆ ಕುದಿಯಿತು...

"ಕಣ್ಣು ಬಿಡಿ ಅತ್ತಿಗೆ. ಕಣ್ಣು ಬಿಡಿ."

ಬಿಟ್ಟೆ. ಗಂಟಲು ಒಣಗಿತ್ತು. ಅದು ಬೇರೆ ಕೋಣೆ, ಬೇರೆ ನರ್ಸ್‌ಗಳು ಓಡಾಡುವ ಕೋಣೆ. ಯಾರನ್ನೂ ಕಾಯದೆ ಮುಂದಿನವರ ಹತ್ತಿರ ಓಡುತ್ತಿದ್ದವಳು ನನ್ನ ಮಂಚದ ಪಕ್ಕ ಸ್ಟೂಲು ಹಾಕಿ ಕೂತಿದ್ದಳು. ಕೈ ನನ್ನ ಗಲ್ಲದ ಮೇಲಿತ್ತು. ನಡುಗುತ್ತಿತ್ತು.

"ಮಸಾಲೆ ಕುದಿಯಿತು. ಆಮೇಲೆ ಎಂತ ಮಾಡುವುದು?"

"ಮೀನು ಹಾಕು ಮಾರಾಯ್ತಿ" ಎಂದೆ. ಸ್ವರ ನನ್ನದೆಂದು ನನಗೇ ಗೊತ್ತಾಗಲಿಲ್ಲ.

"ಹಾಕಿದೆ. ಆಮೇಲೆ?"

"ಸೌಟು ಹಾಕಬೇಡ, ಮೀನು ಒಡೆಯುತ್ತದೆ. ಪಾತ್ರೆ ಹಿಡಿದು ಸುತ್ತಿಸು. ಸಣ್ಣ ಬೆಂಕಿ ಸಾಕು."

"ಆಮೇಲೆ?"

"ಆಮೇಲೆ ಮುಚ್ಚಿಡು. ಇವತ್ತು ಮುಟ್ಟಬಾರದು. ನಾಳೆ ತಿಂದರೇ ರುಚಿ."

"ನಾಳೆ ಅಲ್ವಾ ಅತ್ತಿಗೆ?"

"ನಾಳೆಯೇ" ಎಂದೆ.