ಆರಿಸಿ ಬಂದ ಗುಂಡುಗಳನ್ನು ಪುನಃ ಆರಿಸುವ ಬಗ್ಗೆ

ಸಂಖ್ಯೆ: ಆಡಳಿತ/ಕ್ರೀಡೆ/ಗುಂಡು/17/1994-95
ಪೀಣ್ಯ, ದಿನಾಂಕ: 8-11-1994

ವಿಷಯ: ಅಂತರ್ ಕಾರ್ಖಾನೆ ಏರ್‌ಗನ್ ಸ್ಪರ್ಧೆಗೆ ಸೀಸದ ಗುಂಡುಗಳನ್ನು ತೊಳೆದು, ತೂಗಿ, ಆರಿಸುವ ಕುರಿತು.

ಈ ಸುತ್ತೋಲೆ ಬೇಕೇ, ಬೇಕಾದರೆ ಯಾರಿಗೆ ಬೇಕು ಎಂಬ ಸಂದೇಹವು ಆಡಳಿತ ವಿಭಾಗದ ಸಹಾಯಕ ಅಧಿಕಾರಿ ಶ್ರೀ ಈರೇಶ್ ಅವರನ್ನು ಬೆಳಗಿನಿಂದ ಕಾಡುತ್ತಿದ್ದು, ಸಂದೇಹವು ಬಗೆಹರಿಯದ ಕಾರಣ ಸುತ್ತೋಲೆಯನ್ನು ಹೊರಡಿಸಲಾಗಿದೆ.

ಶನಿವಾರ ಪಾಳಿ ಮುಗಿದ ಮೇಲೆ ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಗುರಿ ತಪ್ಪದಂತೆ ಒಂದೇ ತೂಕದ, ಓರೆಯಿಲ್ಲದ ಗುಂಡು ಆರಿಸುವ ಕೆಲಸವನ್ನು ಸದರಿ ಈರೇಶ್ ಹಾಗೂ ತಪಾಸಣಾ ವಿಭಾಗದ ಕುಮಾರಿ ಶೀತಲ್ ಅವರು ಎದುರುಬದುರು ಕೂತು, ಹೆಚ್ಚು ಮಾತಿಲ್ಲದೆ ನಡೆಸಿಕೊಂಡು ಬಂದಿರುತ್ತಾರೆ. ಕ್ರೀಡಾ ಸಂಘದ ಕಾರ್ಯದರ್ಶಿ ಶ್ಯಾಮಣ್ಣನವರು ಈಗ ಮೊದಲೇ ಆರಿಸಿದ ವಿದೇಶಿ ಗುಂಡುಗಳ ಡಬ್ಬಗಳನ್ನು ತರಿಸಿ, "ಮುಚ್ಚಳ ತೆಗೀರಿ, ಹೊಡೀರಿ, ಮನೆಗ್ ಹೋಗಿ. ಇನ್ನೇನ್ ಆರಿಸೋದು ಕಣ್ರೀ" ಎಂದಿರುವುದರಿಂದ, ಶನಿವಾರದ ಕೆಲಸವೇ ನಿಂತುಹೋಗುವ ಪರಿಸ್ಥಿತಿ ಉದ್ಭವಿಸಿದೆ. ಆದಕಾರಣ:

1. ಗುಂಡುಗಳನ್ನು ಸೋಪಿನ ನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಒಣಗಿಸತಕ್ಕದ್ದು. ಹಿಂಬದಿಯ ತೆಳು ಅಂಚು ಜಜ್ಜಿದ್ದರೆ ಪಕ್ಕಕ್ಕಿಡತಕ್ಕದ್ದು. ಬಾಯಿಂದ ಊದುವುದನ್ನು ನಿಷೇಧಿಸಿದೆ.

2. ತೂಗುವಾಗ ಫ್ಯಾನು ನಿಲ್ಲಿಸತಕ್ಕದ್ದು. ನಿಟ್ಟುಸಿರಿನಿಂದ ತಕ್ಕಡಿಯ ಮುಳ್ಳು ಅಲುಗುವುದು ಕಂಡುಬಂದಿರುವುದರಿಂದ, ನಿಟ್ಟುಸಿರು ಅನಿವಾರ್ಯವಾದವರು ಪೂರ್ವಾನುಮತಿ ಪಡೆದು ಸೈಕಲ್ ಸ್ಟ್ಯಾಂಡಿನಲ್ಲಿ ಬಿಟ್ಟು ಬರತಕ್ಕದ್ದು.

3. ಗುಂಡು ಓರೆಯಾಗಿದೆಯೇ ಎಂದು ತಿಳಿಯಲು ಗಾಜಿನ ಹಲಗೆಯ ಮೇಲೆ ಉರುಳಿಸತಕ್ಕದ್ದು. ಉರುಳಿಸಲು ಒಬ್ಬರು, ಹಿಡಿಯಲು ಒಬ್ಬರು ಅವಶ್ಯ. ಉರುಳಿಸುವವರು ಆಡಳಿತ ವಿಭಾಗದವರೂ ಹಿಡಿಯುವವರು ತಪಾಸಣಾ ವಿಭಾಗದವರೂ ಆಗಿರತಕ್ಕದ್ದು. ಬದಲಿ ವ್ಯವಸ್ಥೆಗೆ ಅವಕಾಶವಿಲ್ಲ.

4. ತೂಕವಾರು ವಿಂಗಡಿಸಲು ಇಡ್ಲಿ ತಟ್ಟೆಯ ಗುಳಿಗಳನ್ನು ಬಳಸಿದ್ದಕ್ಕೆ ಕ್ಯಾಂಟೀನಿನ ಭದ್ರಮ್ಮನವರು, "ಸೀಸ ಇಟ್ಟಿದ್ ತಟ್ಟೇಲಿ ಇಡ್ಲಿ ಎಂಗ್ ಬೇಯಿಸ್ಲಿ ಸಾರ್? ಇದನ್ನೇ ಬೇಯಿಸಿ ಚಟ್ನಿ ಆಕ್ಕೊಡ್ಲಾ?" ಎಂದು ಮೌಖಿಕವಾಗಿ ಆಕ್ಷೇಪಿಸಿರುತ್ತಾರೆ. ಆಕ್ಷೇಪಣೆಯನ್ನು ಮಾನ್ಯ ಮಾಡಿ, ಸದರಿ ತಟ್ಟೆಯನ್ನು ಇಡ್ಲಿ ಸೇವೆಯಿಂದ ಶಾಶ್ವತವಾಗಿ ನಿವೃತ್ತಿಗೊಳಿಸಲಾಗಿದೆ.

5. ಡಬ್ಬದ ಗುಂಡುಗಳನ್ನೂ ಪುನಃ ಆರಿಸತಕ್ಕದ್ದು. ಹಡಗಿನ ಪ್ರಯಾಣದಲ್ಲಿ ಅವುಗಳ ನಡತೆ ಬದಲಾಗಿರುವ ಸಂಭವವಿದೆ. "ಅಲ್ಲೇ ಆರಿಸಿ ಕಳ್ಸಿರ್ತಾರಲ್ಲ ಈರೇಶ್, ಮತ್ತೆ ನಾವ್ಯಾಕೆ?" ಎಂಬ ಕುಮಾರಿ ಶೀತಲ್ ಅವರ ಪ್ರಶ್ನೆಯು ಪರಿಶೀಲನೆಯಲ್ಲಿದೆ.

6. ತಿರಸ್ಕೃತ ಗುಂಡುಗಳು ವಾರದ ವಿಶ್ರಾಂತಿಯಿಂದ ಸುಧಾರಿಸಿರಬಹುದಾದ್ದರಿಂದ, ಅವುಗಳನ್ನು ಮುಂದಿನ ಶನಿವಾರ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು. ಆಯ್ಕೆಯಾದವು ಕೆಟ್ಟಿರಬಹುದಾದ್ದರಿಂದ ಅವುಗಳನ್ನೂ.

7. ಸ್ಪರ್ಧೆ ಮುಗಿದ ಮಾತ್ರಕ್ಕೆ ಈ ಸುತ್ತೋಲೆಯು ರದ್ದಾಗುವುದಿಲ್ಲ. ಸ್ಪರ್ಧೆಯೇ ನಡೆಯದಿದ್ದರೂ ಸಹ.

ಸಹಿ/-
(ಈರೇಶ್)
ಸಹಾಯಕ ಆಡಳಿತಾಧಿಕಾರಿ

ಪ್ರತಿಗಳು:
1. ಶ್ಯಾಮಣ್ಣನವರಿಗೆ, ಡಬ್ಬಗಳನ್ನು ತೆರೆಯದೆ ಒಪ್ಪಿಸುವಂತೆ ಕೋರಿ.
2. ಭದ್ರಮ್ಮನವರಿಗೆ, ಓದಿ ಹೇಳತಕ್ಕದ್ದು.
3. ಕುಮಾರಿ ಶೀತಲ್ ಅವರಿಗೆ, ಶನಿವಾರ ತಪ್ಪದೆ ಹಾಜರಾಗಲು. ಅವರು ಎದುರಿಗೆ ಬಂದು ಕೂತರೆ ಸಾಕು, ಗುಂಡು ಹೇಗಿದ್ದರೂ ಆದೀತು ಎಂಬುದನ್ನು ಈರೇಶ್ ಅವರು ಅವರಿಗೆ ಯಾವತ್ತೂ ಹೇಳಿರುವುದಿಲ್ಲ.