ಆಯ್ತಕ್ಕನ ಪಥ್ಯ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ, ಅವಳಿಗೆ ಯಾರಿಗೂ 'ಬೇಡ' ಅನ್ನಲು ಬಾಯಿ ಬರುತ್ತಿರಲಿಲ್ಲ. ಕೊಟ್ಟಿದ್ದನ್ನು ಇಸಿದುಕೊಳ್ಳುವಳು, ಹೇಳಿದ್ದಕ್ಕೆ 'ಆಯ್ತು' ಅನ್ನುವಳು. ಅವಳು ಕೆಲಸ ಮಾಡುವ ಬಟ್ಟೆ ಆಲ್ಟರೇಷನ್ ಅಂಗಡಿಯಲ್ಲಿ ಅವಳ ನಿಜವಾದ ಹೆಸರು ಸಂಬಳ ಕೊಡುವ ಮಾಲೀಕನಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವಳು ಆಯ್ತಕ್ಕ.

ಆರು ತಿಂಗಳ ಹಿಂದೆ ಸ್ಕ್ಯಾನ್ ಮಾಡಿದಾಗ ಆಯ್ತಕ್ಕನ ಗರ್ಭಕೋಶದಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗಡ್ಡೆ ಕಂಡಿತ್ತು. "ಇದಕ್ಕೆ ಫೈಬ್ರಾಯ್ಡ್ ಅಂತಾರೆ. ಹೆದರಬೇಡಿ, ಇದು ಕ್ಯಾನ್ಸರ್ ಅಲ್ಲ, ಎಷ್ಟೋ ಹೆಂಗಸರಿಗೆ ಇರುತ್ತೆ," ಎಂದಿದ್ದರು ಡಾಕ್ಟರಮ್ಮ. "ಮುಟ್ಟಲ್ಲಿ ರಕ್ತ ಜಾಸ್ತಿ ಹೋಗಿ ಸೊರಗಿದೀರಿ. ಕಬ್ಬಿಣದ ಮಾತ್ರೆ ಬರೆದು ಕೊಡ್ತೀನಿ. ಸೊಪ್ಪು, ಕಾಳು, ಹಣ್ಣು ಚೆನ್ನಾಗಿ ತಿನ್ನಿ, ದಿನಾ ಸ್ವಲ್ಪ ನಡೀರಿ. ಆರು ತಿಂಗಳು ಬಿಟ್ಟು ಮತ್ತೆ ನೋಡೋಣ. ಬೆಳೆದಿದ್ರೆ ಆಪರೇಷನ್ ವಿಚಾರ ಮಾತಾಡೋಣ." ಆಯ್ತಕ್ಕ 'ಆಯ್ತು' ಎಂದಳು, ಹೇಳಿದಷ್ಟನ್ನೂ ಚಾಚೂ ತಪ್ಪದೆ ಮಾಡಿದಳು.

ಅಷ್ಟಕ್ಕೇ ನಿಂತಿದ್ದರೆ ಕತೆ ಎಲ್ಲಿಂದ ಬರಬೇಕು? ಸುದ್ದಿ ಮೂವರು ಹೆಂಗಸರ ಕಿವಿಗೆ ಬಿತ್ತು. ಮಹಡಿ ಮೇಲಿದ್ದ ಓನರಮ್ಮ ಅಗಸೆ ಬೀಜದ ಪುಡಿ ಮಾಡಿ ಡಬ್ಬಿಗಟ್ಟಲೆ ತಂದುಕೊಟ್ಟರು. ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವ ಕಾಜಕ್ಕ ಯಾವ್ಯಾವುದೋ ಸೊಪ್ಪು ಅರೆದು, ಹಸಿರು ರಸವನ್ನು ಬಾಟಲಿಯಲ್ಲಿ ತುಂಬಿ ತರತೊಡಗಿದಳು. ಗಂಡನ ತಂಗಿ, ಅಂದರೆ ನಾದಿನಿ, ಮನೆಮನೆಗೆ ಹೋಗಿ ಆರೋಗ್ಯದ ಕ್ಯಾಪ್ಸೂಲ್ ಮಾರುವವಳು. ಅವಳು ಸುಮ್ಮನಿರುತ್ತಾಳೆಯೇ? "ಅತ್ತಿಗೆ, ಗ್ರೀನ್ ಟೀ ಸಾರ ಇದು. ಗಡ್ಡೆ ಮಂಜುಗಡ್ಡೆ ಥರ ಕರಗುತ್ತೆ!" ಎಂದು ಡಬ್ಬಿ ಕೈಗಿಟ್ಟಳು.

ಮೊದಲ ದಿನ ಆಯ್ತಕ್ಕ ಮೂರನ್ನೂ ಮುಂದಿಟ್ಟುಕೊಂಡು ಕೂತಳು. ಪುಡಿ ಗಂಟಲಲ್ಲಿ ಅಂಟಿಕೊಂಡು ಕೂತಿತು. ರಸ ಇಳಿದ ವೇಗದಲ್ಲೇ ಮೇಲೆ ಬಂತು. ಕ್ಯಾಪ್ಸೂಲ್ ಅನ್ನಂತೂ ಕೋಟಿನ ಗುಂಡಿಯೋ ಏನೋ ಎಂದು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಡಬ್ಬಿಗೆ ಹಾಕಿದಳು.

ಹಾಗಂತ ಕೊಟ್ಟವರಿಗೆ ಹೇಳುವುದು ಹೇಗೆ? ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೇ ಇರುವವನು. ಹೊಟ್ಟೆ ಹಿಡಿದುಕೊಂಡು ಮಲಗಿದ ದಿನ ಬಿಸಿನೀರಿನ ಚೀಲ, ಊಟ ಎರಡನ್ನೂ ಹಿಡಿದು ಮೆಟ್ಟಿಲಿಳಿದು ಬರುವವರು ಓನರಮ್ಮ. ಅವಳ ಪಾಲಿನ ಪ್ಯಾಂಟುಗಳ ಅಂಚು ಮಡಿಸಿ ಹೊಲಿದು, ಮಾಲೀಕನಿಗೆ ಸುಳಿವು ಕೊಡದೆ ಕೆಲಸ ಮುಗಿಸುವವಳು ಕಾಜಕ್ಕ. ತಲೆಸುತ್ತಿ ಬಿದ್ದಾಗ ಆಸ್ಪತ್ರೆಯಲ್ಲಿ ಪಕ್ಕ ಕೂತವಳು ನಾದಿನಿ. ಆಯ್ತಕ್ಕನಿಗೆ ಈ ಲೋಕದಲ್ಲಿ ದಿಕ್ಕು ಅಂತಿದ್ದದ್ದು ಈ ಮೂವರೇ. ಬೇಜಾರು ಮಾಡಿಕೊಂಡು ಇವರೂ ಕೈಬಿಟ್ಟರೆ ಗತಿಯೇನು ಎಂಬ ಭಯ ಅವಳಿಗೆ ಗಡ್ಡೆಯ ಭಯಕ್ಕಿಂತ ದೊಡ್ಡದಾಗಿತ್ತು.

ಪ್ರೀತಿಯಿಂದ ಕೊಟ್ಟಿದ್ದನ್ನು ಚೆಲ್ಲಲೂ ಮನಸ್ಸು ಬರಲಿಲ್ಲ. ಒಂದು ದಿನ ಕಾಜಕ್ಕ ಕೂದಲು ಉದುರುತ್ತಿದೆ ಎಂದು ಗೋಳಾಡಿದಾಗ ಅಗಸೆ ಪುಡಿಯನ್ನು ಅವಳಿಗೆ ಕೊಟ್ಟಳು. "ನಮ್ಮ ಪರಿಚಯದವರು ಮಾಡ್ತಾರೆ, ಕೂದಲಿಗೆ ಒಳ್ಳೇದಂತೆ." ಮುಖದಲ್ಲಿ ಕಳೆ ಇಲ್ಲ ಎಂದು ನಾದಿನಿ ಕನ್ನಡಿ ಮುಂದೆ ನಿಂತಾಗ ಹಸಿರು ರಸ ಅವಳಿಗೆ ಹೋಯಿತು. ಓನರಮ್ಮನ ಮಂಡಿ ನೋವಿಗೆ ಕ್ಯಾಪ್ಸೂಲ್ ಹೋಯಿತು. ಹೀಗೆ ಒಬ್ಬರದ್ದು ಇನ್ನೊಬ್ಬರ ಹೊಟ್ಟೆಗೆ ಸೇರಿ, ಎಲ್ಲರೂ ನೆಮ್ಮದಿಯಾಗಿದ್ದರು. ಮೂವರೂ ಒಬ್ಬರನ್ನೊಬ್ಬರು ನೋಡಿರಲಿಲ್ಲವಾದ್ದರಿಂದ ಏನೂ ತೊಂದರೆಯಾಗಲಿಲ್ಲ.

ಮತ್ತೆ ಸ್ಕ್ಯಾನ್ ಮಾಡುವ ದಿನ ಬಂತು. ಬೆಳಗ್ಗೆ ಬಾಗಿಲಿಗೆ ಬೀಗ ಹಾಕುವಾಗ ಓನರಮ್ಮ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದರು. "ಒಬ್ಬಳೇ ಹೋಗ್ತೀಯಾ? ಚೆನ್ನಾಗಿದೆ! ನಡಿ, ನಾನೂ ಬರ್ತೀನಿ."

"ಆಯ್ತಮ್ಮಾ."

ಅಷ್ಟರಲ್ಲಿ ಫೋನ್ ಬಂತು. "ಲೇ, ಮಾಲೀಕರಿಗೆ ಹಲ್ಲು ನೋವು ಅಂತ ಸುಳ್ಳು ಹೇಳಿ ರಜಾ ಹಾಕಿದೀನಿ. ಕ್ಲಿನಿಕ್ ಹತ್ರ ಕಾಯ್ತಿರ್ತೀನಿ," ಎಂದಳು ಕಾಜಕ್ಕ.

"ಆಯ್ತು ಕಾಜಕ್ಕ."

ಬಸ್ಸಿನಲ್ಲಿ ಕೂತ ಮೇಲೆ ನಾದಿನಿಯದು. "ಅತ್ತಿಗೆ, ಅಣ್ಣ ಇಲ್ದಿರೋವಾಗ ನಾನು ಬರ್ದೇ ಇರ್ತೀನಾ? ಹೊರಟೆ."

"ಆಯ್ತಮ್ಮಾ," ಎಂದು ಫೋನ್ ಇಟ್ಟ ಮೇಲೆಯೇ ಆಯ್ತಕ್ಕನಿಗೆ ತಾನು ಏನು ಮಾಡಿಕೊಂಡೆ ಎಂಬುದು ಹೊಳೆದದ್ದು. ಅಯ್ಯೋ ದೇವರೇ, ಮೂವರೂ ಒಂದೇ ಬೆಂಚಿನ ಮೇಲೆ!

ಇದರ ಜೊತೆಗೆ ಇನ್ನೊಂದು ಸಂಕಟವಿತ್ತು. ಈ ಸ್ಕ್ಯಾನಿಗೆ ಹೊಟ್ಟೆ ತುಂಬ ನೀರು ಕುಡಿದು, ಬಚ್ಚಲಿಗೆ ಹೋಗದೆ ತಡೆದುಕೊಂಡು ಬರಬೇಕು. ಅವಳು ಮನೆಯಲ್ಲೇ ಒಂದು ಚೊಂಬು ಏರಿಸಿದ್ದಳು. ಸಾಲದೆಂದು ಓನರಮ್ಮ ಬಸ್ಸಿನಲ್ಲಿ ಬಾಟಲಿ ತೆಗೆದು, "ಕುಡಿ ಕುಡಿ, ಕಮ್ಮಿ ಆದ್ರೆ ಸರಿಯಾಗಿ ಕಾಣಲ್ವಂತೆ," ಎಂದು ಇನ್ನಷ್ಟು ಕುಡಿಸಿದರು. ಆ ರಸ್ತೆಯಲ್ಲಿ ಹೆಜ್ಜೆಗೊಂದು ಉಬ್ಬು. ಬಸ್ಸು ಒಂದೊಂದನ್ನು ಹತ್ತಿ ಇಳಿದಾಗಲೂ ಆಯ್ತಕ್ಕ ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದಳು.

ಬಸ್ ಸ್ಟಾಪಿನಲ್ಲೇ ನಾದಿನಿ ಸಿಕ್ಕಿದಳು. ಕ್ಲಿನಿಕ್ಕಿನ ಬೆಂಚಿನ ಮೇಲೆ ಮೂವರೂ ಸಾಲಾಗಿ ಕೂತರು. ಆಯ್ತಕ್ಕ ಕೊನೆಯಲ್ಲಿ, ಕಾಲಿನ ಮೇಲೆ ಕಾಲು ಹಾಕಿ ಬಿಗಿಯಾಗಿ. ಎದುರಿಗೆ ಒಂದು ಮೀನಿನ ತೊಟ್ಟಿ. ಅದರೊಳಗೆ ಸದಾ ಗುಳುಗುಳು ನೀರಿನ ಸದ್ದು. ಇಂಥ ಜಾಗದಲ್ಲಿ ಮೀನಿನ ತೊಟ್ಟಿ ಇಡಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಕಾಣೆ.

"ನಮ್ಮ ಆಯ್ತಕ್ಕನ ಓನರಮ್ಮ ಅಲ್ವಾ ನೀವು? ನಿಮ್ಮ ಬಗ್ಗೆ ಬಹಳ ಹೇಳ್ತಾಳೆ," ಎಂದಳು ಕಾಜಕ್ಕ.

"ನಿನ್ನ ಬಗ್ಗೇನೂ ಹೇಳಿದಾಳೆ ಕಣಮ್ಮ. ಅಬ್ಬ, ಏನು ದಟ್ಟ ಕೂದಲು ನಿಂದು!"

"ಹೋದ ವರ್ಷ ನೋಡ್ಬೇಕಿತ್ತು, ಬಾಚಣಿಗೆ ತುಂಬ ಕೂದಲು. ಒಂದು ಪುಡಿ ತಿಂತಿದೀನಿ ನೋಡಿ…"

"ಬಿಸಿಲು ಜಾಸ್ತಿ ಅಲ್ವಾ ಈ ಸಲ?" ಎಂದು ಆಯ್ತಕ್ಕ ಬಾಯಿ ಹಾಕಿದಳು. ಮೂವರೂ ಕಿಟಕಿ ನೋಡಿದರು. ಹೊರಗೆ ಮೋಡ ಕವಿದಿತ್ತು.

ನಾದಿನಿ ಓನರಮ್ಮನ ಕಡೆ ತಿರುಗಿದಳು. "ಆಂಟಿ, ನಿಮಗೆ ಮಂಡಿ ನೋವು ಅಂತ ಅತ್ತಿಗೆ ಹೇಳಿದ್ರಲ್ವಾ? ಬಸ್ಸಿಂದ ಹುಡುಗಿ ಥರ ಇಳಿದ್ರಿ."

"ಅದಾ! ಹಸಿರು ಕ್ಯಾಪ್ಸೂಲ್ ತಗೊಳ್ತಿದೀನಿ. ದೇವರಂಥ ಔಷಧಿ ಕಣಮ್ಮ."

"ಹಸಿರಾ?" ಮಾರುವವಳ ಕಿವಿ ನೆಟ್ಟಗಾಯಿತು. "ಯಾವ ಕಂಪನಿ? ಡಬ್ಬಿ ಇದೆಯಾ?"

"ಬ್ಯಾಗಲ್ಲೇ ಇದೆ, ತಾಳು."

ಓನರಮ್ಮನ ಬ್ಯಾಗು ಅಂದರೆ ಸಾಮಾನ್ಯವಲ್ಲ. ಕೊಡೆ ಹೊರಬಂತು, ಕನ್ನಡಕದ ಡಬ್ಬಿ ಬಂತು, ಟವೆಲ್ ಬಂತು. ಆಯ್ತಕ್ಕ ಎದ್ದು ತಡೆಯೋಣ ಎಂದುಕೊಂಡಳು. ಆದರೆ ಎದ್ದರೆ ಅನಾಹುತವಾಗುವ ಸ್ಥಿತಿ. ಕೂತಲ್ಲಿಂದಲೇ, "ಅಮ್ಮಾ, ಬಿಡೀಮ್ಮಾ, ಆಮೇಲೆ ನೋಡಿದ್ರಾಯ್ತು," ಎಂದು ಸಣ್ಣ ದನಿಯಲ್ಲಿ ಕೂಗಿದಳು. ಅದೇ ಹೊತ್ತಿಗೆ ಒಳಗಿಂದ ಅವಳಿಗೆ ಕರೆ ಬಂತು. ಬಾಗಿಲು ಹಾಕುವ ಮುಂಚೆ ಅವಳು ಕಂಡದ್ದು, ಬ್ಯಾಗಿನ ತಳದಿಂದ ಮೇಲೇಳುತ್ತಿದ್ದ ಹಸಿರು ಮುಚ್ಚಳ.

ಮೇಜಿನ ಮೇಲೆ ಮಲಗಿದರೂ ಅವಳ ಜೀವವೆಲ್ಲ ಕಿವಿಯಲ್ಲಿತ್ತು. ಡಾಕ್ಟರಮ್ಮ ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ ಯಂತ್ರ ಒತ್ತಿದರು. ತುಂಬಿದ ಕೊಡದ ಮೇಲೆ ಕೈಯೂರಿದಂತಾಯಿತು. ಹೊರಗೆ ಮೊದಲು ಮಾತು ಕೇಳಿಸುತ್ತಿತ್ತು. ಆಮೇಲೆ ಒಂದು 'ಹಾಂ?' ಕೇಳಿಸಿತು. ಆಮೇಲೆ ಏನೂ ಇಲ್ಲ.

"ಯಾಕಿಷ್ಟು ಬಿಗಿ ಹಿಡಿದಿದೀರಿ? ಸಡಿಲ ಬಿಡಿ," ಎಂದರು ಡಾಕ್ಟರಮ್ಮ.

"ಸಡಿಲ ಬಿಟ್ರೆ ನಿಮಗೇ ತೊಂದ್ರೆ ಡಾಕ್ಟ್ರೇ."

ಡಾಕ್ಟರಮ್ಮ ನಕ್ಕರು. "ಹೋದ ಸಲ ಇದ್ದಷ್ಟೇ ಇದೆ. ಬೆಳೆದಿಲ್ಲ. ಮುಖದಲ್ಲೂ ಕಳೆ ಬಂದಿದೆ. ಸದ್ಯಕ್ಕೆ ಆಪರೇಷನ್ ಮಾತು ಬೇಡ. ಮಾತ್ರೆ, ಊಟ ಹೀಗೇ ಇರಲಿ, ಆರು ತಿಂಗಳಿಗೆ ಮತ್ತೆ ಬನ್ನಿ. ನೋವು, ರಕ್ತ ಜಾಸ್ತಿ ಆದ್ರೆ ಮುಂಚೇನೇ ಬನ್ನಿ. ಆಮೇಲೆ ನೋಡಿ, ಪುಡಿ, ರಸ ಕುಡಿದ್ರೆ ಗಡ್ಡೆ ಕರಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಕ್ಯಾಪ್ಸೂಲನ್ನಂತೂ ನನ್ನ ಕೇಳದೆ ನುಂಗಲೇಬೇಡಿ."

ಆಯ್ತಕ್ಕ ಬಚ್ಚಲಿಗೆ ಓಡಿದಳು. ಅಲ್ಲಿ ಅವಳು ಕಂಡ ಸುಖವನ್ನು ವರ್ಣಿಸುವುದು ನಮಗೆ ಸಾಧ್ಯವಿಲ್ಲ. ಹೊಟ್ಟೆ ಹಗುರವಾಯಿತು, ಆಪರೇಷನ್ನಿನ ಹೆದರಿಕೆಯೂ ಇಳಿಯಿತು. ಕೈ ತೊಳೆಯುವಾಗ ಮಾತ್ರ ಹೊರಗಿನ ಬೆಂಚಿನ ನೆನಪಾಗಿ, ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆದಳು.

ಬೆಂಚಿನ ಮೇಲೆ ಅಗಸೆ ಪುಡಿಯ ಡಬ್ಬಿ, ಹಸಿರು ರಸದ ಬಾಟಲಿ, ಕ್ಯಾಪ್ಸೂಲಿನ ಡಬ್ಬಿ ಸಾಲಾಗಿ ಕೂತಿದ್ದವು. ಅವುಗಳ ಹಿಂದೆ ಮೂವರು ಹೆಂಗಸರು ನ್ಯಾಯಾಧೀಶರ ಹಾಗೆ ಎದ್ದು ನಿಂತಿದ್ದರು.

"ಇದು ನಾನು ನಿಂಗಂತ ಹುರಿದು ಪುಡಿ ಮಾಡಿದ್ದು. ಇವಳ ಚೀಲದಲ್ಲಿ ಯಾಕಿದೆ?" ಎಂದರು ಓನರಮ್ಮ.

"ನನ್ನ ರಸ ಕುಡಿದು ಇವಳ ಮುಖ ಹೊಳೀತಿದೆಯಂತೆ," ಎಂದಳು ಕಾಜಕ್ಕ.

ನಾದಿನಿ ಕ್ಯಾಪ್ಸೂಲಿನ ಡಬ್ಬಿಯನ್ನು ಅಲ್ಲಾಡಿಸಿದಳು. ಖಾಲಿಯಾಗುತ್ತ ಬಂದಿತ್ತು.

ಆಯ್ತಕ್ಕನ ಕಣ್ಣಲ್ಲಿ ನೀರು ಬಂತು. "ನಾನು ಮೊದಲ ದಿನ ಬಿಟ್ರೆ ಒಂದನ್ನೂ ಬಾಯಿಗೆ ಹಾಕ್ಲಿಲ್ಲ. ನನ್ನ ಕೈಲಿ ಆಗ್ಲಿಲ್ಲ. ಹೇಳಿದ್ರೆ ನೀವೆಲ್ಲ ಬೇಜಾರು ಮಾಡ್ಕೊಂಡು ನಮ್ಮನೆ ಕಡೆ ತಲೇನೇ ಹಾಕಲ್ಲ ಅಂತ ಭಯ ಆಯ್ತು. ನಂಗೆ ಬೇರೆ ಯಾರಿದಾರೆ? ತಪ್ಪಾಯ್ತು. ಬೈದ್ಬಿಡಿ, ಆದ್ರೆ ಬಿಟ್ಟು ಮಾತ್ರ ಹೋಗ್ಬೇಡಿ."



ಕಾಜಕ್ಕ ಮೆಲ್ಲಗೆ ತನ್ನ ಜಡೆ ಮುಟ್ಟಿಕೊಂಡಳು. "ಹಂಗಾದ್ರೆ ನನ್ನ ಕೂದಲು ಉಳಿದಿದ್ದು ನಿಮ್ಮ ಪುಡಿಯಿಂದಲಾ ಅಮ್ಮಾ?"

ಓನರಮ್ಮನ ಮುಖದ ಗಂಟು ಸಡಿಲವಾಯಿತು. "ಹೂಂ ಕಣೇ. ಹದವಾಗಿ ಹುರೀಬೇಕು, ಅದರಲ್ಲೇ ಇರೋದು." ನಾದಿನಿಯತ್ತ ತಿರುಗಿ, "ನನ್ನ ಮಂಡಿ ಉಳಿಸಿದೋಳು ನೀನೇನಾ ತಾಯಿ?" ಎಂದರು. ನಾದಿನಿ ನಾಚಿಕೊಂಡು ಕಾಜಕ್ಕನಿಗೆ, "ಅಕ್ಕ, ಆ ರಸಕ್ಕೆ ಏನೇನು ಹಾಕ್ತೀರಾ?" ಎಂದಳು. ನೋಡನೋಡುತ್ತ ಮೂವರೂ ಒಟ್ಟಿಗೆ ಹುಟ್ಟಿ ಬೆಳೆದವರ ಹಾಗೆ ಕೈ ಕೈ ಹಿಡಿದುಕೊಂಡರು.

ಆಯ್ತಕ್ಕನಿಗೆ ಹೋದ ಜೀವ ಬಂದಂತಾಯಿತು. ಕಣ್ಣೊರೆಸಿಕೊಂಡು ಖುಷಿಯಲ್ಲಿ ಹೇಳಿದಳು: "ಗಡ್ಡೆ ಬೆಳೆದಿಲ್ವಂತೆ! ಇದ್ದಷ್ಟೇ ಇದೆಯಂತೆ. ನೋಡಿ, ಇದ್ಯಾವುದೂ ತಿನ್ನದೇನೇ!"

ಈ ಕೊನೆಯ ಮಾತೊಂದನ್ನು ಅವಳು ನುಂಗಿಕೊಳ್ಳಬೇಕಿತ್ತು. ಮೂವರೂ ಮುಖ ಮುಖ ನೋಡಿಕೊಂಡರು.

"ತಿನ್ನದೇನೇ ನಿಂತುಬಿಟ್ಟಿದೆಯಾ?" ಎಂದರು ಓನರಮ್ಮ. "ಬರೀ ಮನೇಲಿ ಡಬ್ಬಿ ಇಟ್ಟಿದ್ದಕ್ಕೇ ಇಷ್ಟು ಹೆದರಿದೆ ಅಂದ್ರೆ, ನೀನು ಸರಿಯಾಗಿ ತಿಂದಿದ್ರೆ ಇಷ್ಟೊತ್ತಿಗೆ ಅದು ಊರು ಬಿಟ್ಟು ಓಡಿರ್ತಿತ್ತು!"

"ನಮ್ದೇ ತಪ್ಪು," ಎಂದಳು ಕಾಜಕ್ಕ. "ಕೊಟ್ಟು ಬಂದ್ವಿ, ಎದುರಿಗೆ ಕೂತು ತಿನ್ನಿಸ್ಲಿಲ್ಲ."

"ಡಾಕ್ಟರು ಕ್ಯಾಪ್ಸೂಲ್ ಬೇಡವೇ ಬೇಡ ಅಂದ್ರು," ಎಂದಳು ಆಯ್ತಕ್ಕ ಗಾಬರಿಯಲ್ಲಿ. "ಪುಡಿ, ರಸದಿಂದ ಕರಗಲ್ಲ ಅಂತಾನೂ ಅಂದ್ರು."

"ಡಾಕ್ಟರು ಹೇಳಿದ ಮೇಲೆ ಮುಗೀತು," ಎಂದಳು ನಾದಿನಿ ಗಂಭೀರವಾಗಿ. "ಕ್ಯಾಪ್ಸೂಲ್ ಬೇಡ ಅತ್ತಿಗೆ."

ಆಯ್ತಕ್ಕ ನಿಟ್ಟುಸಿರು ಬಿಟ್ಟಳು.

"ಅದರ ಬದಲು ನಾನೇ ಬಂದಿರ್ತೀನಿ. ಇವತ್ತೇ ಹಾಸಿಗೆ ತರ್ತೀನಿ. ಅಣ್ಣ ಹೆಂಗೂ ಲಾರೀಲಿರ್ತಾನೆ. ಪುಡಿ ಗಂಟಲಲ್ಲಿ ಇಳಿಯೋ ತನಕ ನಿಮ್ಮ ಎದುರಿಂದ ಏಳಲ್ಲ."

"ಮನೆ ಒಳಗಿಂದು ನೀನು ನೋಡ್ಕೋ, ಗೇಟು ನನಗೆ ಬಿಡು," ಎಂದರು ಓನರಮ್ಮ. "ಒಂದು ಡಬ್ಬೀನೂ ಆಚೆ ಹೋಗದ ಹಾಗೆ ನೋಡ್ಕೋತೀನಿ."

"ಅವಳ ಹೊಲಿಗೆ ಮಿಷನ್ನು ನಾಳೆಯಿಂದ ನನ್ನ ಪಕ್ಕಕ್ಕೆ," ಎಂದಳು ಕಾಜಕ್ಕ, ಬಾಟಲಿಯ ಮುಚ್ಚಳ ತಿರುಗಿಸುತ್ತ.

ಆಯ್ತಕ್ಕ ಕೊನೆಯ ಆಸೆಯಿಂದ ಸ್ಕ್ಯಾನ್ ಕೋಣೆಯ ಕಡೆ ನೋಡಿದಳು. ಡಾಕ್ಟರಮ್ಮ ಬಾಗಿಲಲ್ಲೇ ನಿಂತಿದ್ದರು. ಅವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಓನರಮ್ಮ, "ಡಾಕ್ಟರಮ್ಮಾ, ಕಣ್ಣಿನ ಕೆಳಗೆ ಕಪ್ಪಾಗಿದೆಯಲ್ಲ, ನಿದ್ದೆ ಬರಲ್ವಾ? ಇಲ್ಲಿ ಬನ್ನಿ, ಒಂದು ಪುಡಿ ಇದೆ," ಎಂದರು. ಡಾಕ್ಟರಮ್ಮ ಸದ್ದಾಗದಂತೆ ಬಾಗಿಲು ಹಾಕಿಕೊಂಡರು.

ಮೂವರೂ ಅವಳನ್ನು ನಡುವೆ ಕೂರಿಸಿಕೊಂಡರು. ಒಬ್ಬರು ಬೆನ್ನು ಸವರಿದರು, ಒಬ್ಬಳು ಕೈ ಹಿಡಿದಳು, ಒಬ್ಬಳು ಬಾಟಲಿಯನ್ನು ಬಾಯಿಗೆ ಹಿಡಿದಳು. ಗಡ್ಡೆ ಇದ್ದಷ್ಟೇ ಇತ್ತು. ಇವರೆಲ್ಲ ತನ್ನನ್ನು ಬಿಟ್ಟು ಹೋಗುತ್ತಾರೆ ಎಂಬ ಹೆದರಿಕೆ ಮಾತ್ರ ಆಯ್ತಕ್ಕನಿಗೆ ಆ ಹೊತ್ತಿಗೆ ಪೂರ್ತಿ ವಾಸಿಯಾಗಿತ್ತು.